ನಿಲ್ಲದ ರೋಲರ್

ಪರದೆಯ ಮೇಲಿನ ಕೆಂಪು ‘ಸ್ಟಾಪ್’ ಬಟನ್ನನ್ನು ಮಾನ್ಯಾ ಒತ್ತಿದಳು, ಮತ್ತೆ ಮತ್ತೆ ಒತ್ತಿದಳು. ಯಂತ್ರ ನಡೆಸುವ ಅಪ್ಲಿಕೇಶನ್ ಹ್ಯಾಂಗ್ ಆಗಿ ನಿಂತುಬಿಟ್ಟಿತ್ತು. ಎದುರಿಗೆ ತಗಡು ಬಗ್ಗಿಸುವ ರೋಲರ್ ಮಾತ್ರ ತಿರುಗುತ್ತಲೇ ಇತ್ತು. ಆಪರೇಟರ್ ಹೆಕ್ಟರ್‌ನ ಕೈಗವಸನ್ನು ಕಚ್ಚಿಕೊಂಡು ಬೆರಳುಗಳನ್ನು ಒಳಗೆಳೆಯುತ್ತಿತ್ತು. ಹ್ಯೂಸ್ಟನ್ನಿನ ಆ ವರ್ಕ್‌ಶಾಪ್ ತುಂಬ ಅವನ ಚೀರಾಟ. ಮಾನ್ಯಾ ಮೌಸ್ ಬಿಸಾಕಿ ಗೋಡೆಯತ್ತ ಓಡಿ ರೋಲರಿನ ಮೇನ್ ಸ್ವಿಚ್ಚನ್ನು ಕೆಳಗೆಳೆದಳು.

ರೋಲರಿನಿಂದ ಕೈ ಬಿಡಿಸಿದಾಗ ಹೆಕ್ಟರ್‌ನ ಎರಡು ಬೆರಳು ಜಜ್ಜಿಹೋಗಿದ್ದವು. ಅಲ್ಲೇ ಕೆಲಸ ಮಾಡುವ ಅವನ ಅಣ್ಣ ತನ್ನ ಅಂಗಿಯನ್ನೇ ಬಿಚ್ಚಿ ಕೈಗೆ ಸುತ್ತಿದ. ಯಾರೋ ಆಂಬುಲೆನ್ಸ್ ಕರೆದರು. ಮಾನ್ಯಾಳ ಸಾಫ್ಟ್‌ವೇರ್ ಕಂಪನಿಯ ಬಾಸ್ ಪ್ರಹ್ಲಾದ್ ಮಾತ್ರ ಪರದೆಯ ಮುಂದಿನಿಂದ ಕದಲಲಿಲ್ಲ. ಅಪ್ಲಿಕೇಶನ್ನಿನ ಪರದೆ, ಬಟನ್ನುಗಳನ್ನು ಕಟ್ಟಲು ಈ ಟೂಲ್‌ಕಿಟ್ ಆರಿಸಿದವನು ಅವನೇ. “ಇಲ್ಲಿಯ ಹಳೇ ಕಂಪ್ಯೂಟರಿಗೆ ಇದು ಭಾರ ಸರ್, ಹ್ಯಾಂಗ್ ಆಗತ್ತೆ” ಎಂದು ಅವಳು ಅಂದೇ ಬೇಡಿಕೊಂಡಿದ್ದಳು. “ಕ್ಲೈಂಟ್ ನೋಡೋದು ಅಂದಚೆಂದಾನೇ ಕಣಮ್ಮ” ಎಂದು ಅವನು ನಕ್ಕಿದ್ದ.

ಈಗ ತಗ್ಗಿದ ದನಿಯಲ್ಲಿ, ಬೇರೆಯವರಿಗೆ ತಿಳಿಯದಂತೆ ಕನ್ನಡದಲ್ಲಿ ಹೇಳಿದ: “ಬೇಗ ರೀಸ್ಟಾರ್ಟ್ ಮಾಡು, ಹ್ಯಾಂಗ್ ಆಗಿದ್ದು ಯಾರಿಗೂ ಕಾಣಬಾರದು. ಕೈಗವಸು ಸಡಿಲ ಇತ್ತು, ಅವನದೇ ತಪ್ಪು ಅನ್ನೋಣ.”

ಮಾನ್ಯಾ ನೆಲದ ಮೇಲಿನ ರಕ್ತ ನೋಡಿದಳು. ಆಮೇಲೆ ಹೆಕ್ಟರ್‌ನ ಅಣ್ಣನತ್ತ ತಿರುಗಿ, ಬಾಸ್ ಅಂದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಅವನು ಮೆಲ್ಲನೆ ಎದ್ದ. ಮೊದಲ ಗುದ್ದಿಗೇ ಪ್ರಹ್ಲಾದನ ಕನ್ನಡಕ ಒಡೆದು ಮೂಗಿನಿಂದ ರಕ್ತ ಚಿಮ್ಮಿತು. ಎರಡನೆಯದಕ್ಕೆ ಪ್ರಹ್ಲಾದ್ ಟೇಬಲ್ಲಿನ ಮೇಲೆ ಬಿದ್ದ.

“ಮಾನ್ಯಾ! ಅವನಿಗೆ ಏನಾದ್ರೂ ಹೇಳಮ್ಮ!”

“ಹೇಳಾಯ್ತು ಸರ್” ಎಂದಳು ಮಾನ್ಯಾ.