ಅಡ್ಜಸ್ಟ್

ಗಂಡನ ಮನೆಯಿಂದ ಮಗಳು ಫೋನ್ ಮಾಡಿದಾಗಲೆಲ್ಲ ತಾಯಿಯ ಬಾಯಿಗೆ ಬರುತ್ತಿದ್ದುದು ಒಂದೇ ಮಾತು: "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೇ."

"ಅದಕ್ಕೆ ಕನ್ನಡದಲ್ಲಿ ಏನಂತಾರಮ್ಮ?" ಎಂದು ಮಗಳು ಒಂದು ದಿನ ಕೇಳಿದಳು.

"ಬಸ್ಸಲ್ಲಿ ಇನ್ನೊಬ್ಬರು ಬಂದ್ರೆ ಸರಿದು ಜಾಗ ಬಿಡ್ತೀವಲ್ಲ, ಹಾಗೆ."

"ಸರಿದೂ ಸರಿದೂ ಸೀಟಿನ ತುದಿಗೆ ಬಂದಿದೀನಮ್ಮ. ಬಂದು ಕರ್ಕೊಂಡು ಹೋಗು."

"ನಿನ್ನ ತಂಗಿ ನಿಶ್ಚಿತಾರ್ಥ ಒಂದು ಮುಗೀಲಿ. ನಾನೇ ಬರ್ತೀನಿ."

ನಿಶ್ಚಿತಾರ್ಥ ಮುಗಿಯಿತು. ಮಾತು ಕೊಟ್ಟಂತೆ ಅವಳೇ ಹೋದಳು. ಮಗಳನ್ನು ಊರಿಗೆ ಕರೆತರಲು ವ್ಯಾನ್ ಕೂಡ ಸಿಕ್ಕಿತು. ತಾಯಿ ಹತ್ತಿ, ಕಾಲು ಮಡಚಿ ಕುಳಿತಳು.

ಡ್ರೈವರ್ ಹಿಂದಿನ ಬಾಗಿಲು ಹಿಡಿದು ನಿಂತಿದ್ದ.

"ಬಾಡಿ ಮಲಗಿಸಿದ್ರೆ ಇಷ್ಟೇ ಜಾಗ ಉಳಿಯೋದು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಮ್ಮ."