ಹುಬ್ಬಳ್ಳಿಯಿಂದ ಒಂಬತ್ತು ತಾಸು

ಹುಬ್ಬಳ್ಳಿಯಿಂದ ಲಂಡನ್ನಿಗೆ ದೇಹ ಈಗ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಂದುಬಿಡುತ್ತದೆ. ಮನಸ್ಸು ಮಾತ್ರ ಹಳೇ ವಿಮಾನದ ವೇಗದಲ್ಲೇ ಏಳು ಸಾವಿರದ ಏಳುನೂರು ಕಿಲೋಮೀಟರ್ ದಾಟಿ, ಒಂಬತ್ತು ತಾಸಿಗೆ ಬಂದು ಸೇರುತ್ತದೆ. ಅಲ್ಲಿಯವರೆಗೆ ಪ್ರಯಾಣಿಕರನ್ನು ಕೂರಿಸುವ ಕೋಣೆಯಲ್ಲಿ ನಾಗವೇಣಿಗೆ ಕೆಲಸ. ಅವಳು ಎಲ್ಲರಿಗೂ ಸಕ್ಕರೆ ಹಾಕದ ಚಹಾ ಕೊಡುತ್ತಾಳೆ. ಮನಸ್ಸು ಬಾರದವರು ಸುಮ್ಮನೆ ಕುಡಿಯುತ್ತಾರೆ. “ಯವ್ವಾ, ಸಕ್ರೀನ ಹಾಕಿಲ್ಲಲ್ಲ!” ಎಂದು ಮುಖ ಕಿವುಚಿದವರ ಚೀಟಿಗೆ ಮುದ್ರೆ ಒತ್ತಿ ಹೊರಗೆ ಬಿಡುತ್ತಾಳೆ.

ಬೆಳಿಗ್ಗೆ ಬಂದ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಸಂಜೆಯೊಳಗೆ ಮುಖ ಕಿವುಚಿ ಹೊರಟುಹೋದರು. ಉಳಿದವಳು ಶಿವಲೀಲಾ ಒಬ್ಬಳೇ. ಲಂಡನ್ನಿನಲ್ಲಿರುವ ಗಂಡ ಕರೆದು ಕರೆದು, ಕೊನೆಗೊಮ್ಮೆ ಹೂಂ ಎಂದು ಬಂದವಳು. ಐದನೆಯ ಕಪ್ಪನ್ನೂ ಅವಳು ತಣ್ಣಗೆ ಕುಡಿದು ಮುಗಿಸಿದಳು.

ಬಾಗಿಲಾಚೆ ನಿಂತಿದ್ದ ಗಂಡ ವೀರಭದ್ರ ತಡೆಯಲಾರದೆ ಕೇಳಿದ: “ದಾರಿಯೊಳಗ ಎಲ್ಲೆರ ತಡಾ ಆಗಿರಬೇಕಲ್ರಿ, ಅಕ್ಕಾರ? ಮನ್ಯಾಗ ಚಹಾಕ್ಕ ಮೂರು ಚಮಚಾ ಸಕ್ರಿ ಬೇಕಾಗ್ತಿತ್ರಿ ಆಕಿಗೆ.”

“ಹನ್ನೆರಡು ತಾಸು ಆತ್ರಿ. ಇಷ್ಟೊತ್ತಾದ್ರೂ ಬರ್ಲಿಲ್ಲಂದ್ರ ಊರು ಬಿಟ್ಟೇ ಇಲ್ಲಂತ ಅರ್ಥರಿ. ವಾಪಸ್ ಕಳಸಬೇಕಾಗ್ತೈತಿ.”

ನಾಗವೇಣಿ ಫಾರ್ಮು ತೆಗೆದು, ಹಿಂದಿರುಗಲು ಕಾರಣ ಎಂಬಲ್ಲಿ ಇಂಥವರಿಗೆಲ್ಲ ಬರೆಯುವುದನ್ನೇ ಬರೆದು ಅವನ ಸಹಿಗೆ ಕೊಟ್ಟಳು: ‘ಮನಸ್ಸು ಬರಲಿಲ್ಲ.’

ವೀರಭದ್ರ ಅದನ್ನು ಎರಡು ಸಲ ಓದಿದ.

“ಏಳು ವರ್ಷದಿಂದ ಫೋನಿನ್ಯಾಗ ಇದನ್ನಽ ಹೇಳಾಕತ್ತಿದ್ಲು,” ಎಂದ. “ನಾ ನೆಪಾ ಅಂತ ತಿಳ್ಕೊಂಡಿದ್ದೆ.”