ಎರಡನೆಯ ಪ್ರೆಸ್ಸು

ಕಾಡಪ್ಪನ ಮುಷ್ಟಿಯಲ್ಲಿ ಏನೋ ಇತ್ತು. ಬೆಳಗಿನಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅವನನ್ನೇ ಕಾಯುತ್ತಿದ್ದ ಶಿವಾನಿಗೆ ಅಷ್ಟೇ ಸಾಕಾಯಿತು. ಹೊಸ ಪ್ರೆಸ್ಸಿನ ಹತ್ತಿರ ಅವನು ಸುಳಿಯದಂತೆ ನೋಡಿಕೊಂಡಿದ್ದಳು. ಈಗ ನೋಡಿದರೆ ಆ ಮುದಿ ಫೋರ್‌ಮನ್ ಮುಷ್ಟಿ ಬಿಗಿ ಹಿಡಿದು, ನಕ್ಷೆಗಳನ್ನು ಇಟ್ಟಿದ್ದ ಮಹಡಿಯ ಕೋಣೆಗೆ ಮೆಟ್ಟಿಲು ಹತ್ತುತ್ತಿದ್ದಾನೆ. ಎಲಾ ಇವನ! ಅವಳೂ ಸದ್ದಿಲ್ಲದೆ ಹಿಂದೆಯೇ ಹತ್ತಿದಳು.

ಪೀಣ್ಯದ ಆ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸುಗಳನ್ನು ಕಟ್ಟುತ್ತಿದ್ದರು. ಅದು ತೊಂಬತ್ತನಾಲ್ಕನೇ ಇಸವಿ. ಕಂಪ್ಯೂಟರ್ ಎಂದರೆ ಜನ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ ಕಾಲ. ಮಾಲೀಕ ಇರಣ್ಣನವರು ಒಂದನ್ನು ತರಿಸಿ, ಅದಕ್ಕೆ ಬುದ್ಧಿ ಕಲಿಸಲು ಶಿವಾನಿಯನ್ನು ನೇಮಿಸಿದ್ದರು. ಹಳೆಯ ನಕ್ಷೆಗಳನ್ನು ಅದರ ಹೊಟ್ಟೆಗೆ ತುಂಬಬೇಕು. ಹೊಸ ಗಿರಾಕಿ ಬಂದಾಗ ಅದು ಹೊಂದುವುದನ್ನು ಹೆಕ್ಕಿ, ತಿದ್ದಿ, ಹೊಸ ನಕ್ಷೆ ಕೊಡಬೇಕು. ಯಂತ್ರದ ಬುದ್ಧಿ ಎಂದರೆ ಅಷ್ಟೇ, ತಿಂದದ್ದನ್ನೇ ತೇಗುವುದು.

ಬೀರುವಿನಲ್ಲಿ ನಕ್ಷೆಗಳು ಹೊರೆಹೊರೆ ಇದ್ದವು. ಎಲ್ಲವನ್ನೂ ತುಂಬಲು ಒಂದು ಜನ್ಮ ಸಾಲದು. ಕೆಲವಕ್ಕೆ ಮಾತ್ರ ಮೂಲೆಯಲ್ಲಿ ಕುಂಕುಮ ಇಟ್ಟಿತ್ತು, ಹೊಸ ಗಾಡಿಗೆ ಇಡುವ ಹಾಗೆ. ಇವೇಕೆ ಹೀಗೆ ಎಂದು ಕೇಳಿದ್ದಕ್ಕೆ ಕಾಡಪ್ಪ ದನಿ ತಗ್ಗಿಸಿದ್ದ.

"ಅವಕ್ಕ ಕೈ ಮುಗದು ಬ್ಯಾರೆ ಇಟ್ಟೀವ್ರಿ, ಅಕ್ಕಾರ. ಅವುಗಳ ಮಾತು ಬ್ಯಾಡ್ರಿ."

ಕಾರ್ಖಾನೆಯ ಕೈಹಿಡಿದ ನಕ್ಷೆಗಳಿವು, ಹೊರಗಿನವಳಿಗೆ ಬಿಟ್ಟುಕೊಡಲು ಮುದುಕನಿಗೆ ಮನಸ್ಸಿಲ್ಲ ಎಂದುಕೊಂಡಳು ಶಿವಾನಿ. ಅವನ ಬೆನ್ನ ಹಿಂದೆ ಆ ಕುಂಕುಮದ ನಕ್ಷೆಗಳನ್ನಷ್ಟೇ ಆರಿಸಿ ತುಂಬಿದಳು.

ಕಂಪ್ಯೂಟರ್ ಕೊಟ್ಟ ಮೊದಲ ಪ್ರೆಸ್ಸೇ ಅದನ್ನು ನಡೆಸಲು ನಿಂತಿದ್ದ ಯಮನೂರನ ಅಂಗೈ ನುಂಗಿತು. ಪೆಡಲ್ ತುಳಿಯುವ ಮೊದಲೇ ಏಟು ಬಿದ್ದಿತ್ತು. ಪ್ರೋಗ್ರಾಮನ್ನು ಸಾಲುಸಾಲಾಗಿ ತಡಕಿದಳು. ಕೂದಲೆಳೆಯಷ್ಟೂ ತಪ್ಪಿಲ್ಲ. ಹಾಗಾದರೆ ಯಾರೋ ಕೈಯಾಡಿಸಿದ್ದಾರೆ. ಕಂಪ್ಯೂಟರ್ ಬಂದಾಗಿನಿಂದ ಮುಖ ಗಂಟಿಕ್ಕಿಕೊಂಡು ಓಡಾಡುವವನು ಕಾಡಪ್ಪನಲ್ಲದೆ ಇನ್ಯಾರು?

ಈ ಸಲ ಯಾರ ಉಗುರು ಹಾರಿದರೂ ಕಂಪ್ಯೂಟರ್ ಗುಜರಿಗೆ, ನೀನು ಮನೆಗೆ ಎಂದಿದ್ದರು ಇರಣ್ಣನವರು. ಹೋಗಲಿ, ಕೆಲಸ ಹಾಳಾಗಿ ಹೋಗಲಿ. ಅವಳ ನಿದ್ದೆ ಕೆಡಿಸಿದ್ದು ಬಸುವಿನ ಕೈಯ ಚಿಂತೆ. ಅವೇ ನಕ್ಷೆಗಳಿಂದ ಕಂಪ್ಯೂಟರ್ ಕೊಟ್ಟ ಎರಡನೆಯ ಪ್ರೆಸ್ಸಿನ ಮುಂದೆ ನಿಲ್ಲಲು ಎಲ್ಲರೂ ಹಿಂಜರಿದಾಗ ಯಮನೂರನ ತಮ್ಮ ಬಸು ಮುಂದೆ ಬಂದಿದ್ದ.

"ನೀವು ಹೇಳಿದ್ರ ನಿಂದರ್ತೀನ್ರಿ, ಅಕ್ಕಾರ."

ಏನೂ ಆಗಲ್ಲ, ನಿಂತ್ಕೋ ಎಂದು ಹೇಳಿಬಿಟ್ಟಿದ್ದಳು. ಆ ಗಳಿಗೆಯಿಂದ ಅನ್ನ ಸೇರುತ್ತಿರಲಿಲ್ಲ, ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು.

ಮೆಟ್ಟಿಲು ಮುಗಿಯುವ ಹೊತ್ತಿಗೆ ಕೆಳಗೆ ಪ್ರೆಸ್ಸು ಚಾಲೂ ಆಯಿತು. ಧಡ್. ಧಡ್. ಶಿವಾನಿಗೆ ಹೋದ ಜೀವ ಬಂದಂತಾಯಿತು. ಕೈಯಾಡಿಸುವವನು ತನ್ನ ಕಣ್ಣೆದುರಿಗೇ ಇದ್ದಾನಲ್ಲ, ಇನ್ನು ಬಸುವಿಗೆ ಭಯವಿಲ್ಲ.

ಕಾಡಪ್ಪ ಮೇಜಿನ ಮೇಲೆ ಒಂದು ನಕ್ಷೆ ಹರಡಿದ್ದ. ಯಮನೂರನ ಅಂಗೈ ನುಂಗಿದ ಪ್ರೆಸ್ಸಿನದು, ಕಂಪ್ಯೂಟರೇ ಬರೆದದ್ದು. ಅವಳು ನುಗ್ಗಿ ಅವನ ಮಣಿಕಟ್ಟು ಹಿಡಿದಳು.

"ಮುಷ್ಟಿ ಬಿಚ್ಚಿ."

ಅವನು ಬಿಚ್ಚಿದ. ಅಂಗೈ ತುಂಬ ಕುಂಕುಮ. ಬಿಡಿಸಿಕೊಂಡು, ಉಂಗುರ ಬೆರಳಿನಿಂದ ನಕ್ಷೆಯ ಮೂಲೆಗೆ ಒಂದು ಬೊಟ್ಟಿಟ್ಟು ಕೈ ಮುಗಿದ. ಏನಿದು ಎಂದು ಕೇಳಿದಳು ಶಿವಾನಿ. ಕೆಳಗೆ ಪ್ರೆಸ್ಸು ಬಡಿಯುತ್ತಲೇ ಇತ್ತು.

"ರಕ್ತ ಕುಡದ ಡ್ರಾಯಿಂಗಿಗೆ ಅಷ್ಟ ಇಡೋದ್ರಿ ಇದನ್ನ," ಎಂದ ಕಾಡಪ್ಪ, "ಇನ್ನ ಮ್ಯಾಲೆ ಅದನ್ನ ಯಾರೂ ಮುಟ್ಟಬಾರದಂತ."